ಮುತ್ತರಾಯಪ್ಪನ ಹಿಂದಿನ ಬಣ್ಣ

ಹೊಸೂರಿನ ಬಾಗಲೂರು ರಸ್ತೆಯಲ್ಲಿ ಯತಿರಾಜ್‌ನದು ಒಂದು ಸಣ್ಣ ಅಂಗಡಿ. ತೀರಿಕೊಂಡವರ ಫೋಟೋ ತಂದುಕೊಟ್ಟರೆ ಎಣ್ಣೆಬಣ್ಣದಲ್ಲಿ ದೊಡ್ಡ ಚಿತ್ರ ಬರೆದುಕೊಡುತ್ತಿದ್ದ. ಎಲ್ಲರೂ ಫ್ಲೆಕ್ಸ್ ಹಾಕಿಸುವ ಈ ಕಾಲದಲ್ಲೂ ಅವನನ್ನು ಹುಡುಕಿಕೊಂಡು ಜನ ಬರುತ್ತಿದ್ದುದು ಮುಖದ ಹಿಂದೆ ಅವನು ಬಳಿಯುತ್ತಿದ್ದ ಬಣ್ಣಕ್ಕಾಗಿ. ಮಳೆ ಹೊತ್ತು ನಿಂತ ಮೋಡದಂಥ ಬಣ್ಣ. ಪೂರಾ ಕಪ್ಪಲ್ಲ, ಪೂರಾ ನೀಲಿಯೂ ಅಲ್ಲ. ಪೇಯ್ನ್ಸ್ ಗ್ರೇ ಅಂತ ಟ್ಯೂಬಿನಲ್ಲೇ ಸಿಗುತ್ತದೆ. ಯತಿರಾಜ್ ಮಾತ್ರ ಕೈಯಾರೆ ಕಲಸುತ್ತಿದ್ದ: ಕಡುನೀಲಿಗೆ ಒಂದಿಷ್ಟು ಕಿರಮಂಜಿ ಕೆಂಪು, ಕೊನೆಗೆ ಚೂರು ಹಳದಿ ಮಣ್ಣು.

ಕಲಿಸಿದ್ದು ಸೋದರಮಾವ. "ಇನ್ನೂರು ವರ್ಷದ ಹಿಂದೆ ಇಂಗ್ಲೆಂಡಿನ ಒಬ್ಬ ಚಿತ್ರಗಾರ ನೆರಳಿಗೆ, ದೂರದ ಬೆಟ್ಟಕ್ಕೆ ಅಂತ ಮಾಡ್ಕೊಂಡಿದ್ದ ಬಣ್ಣ ಕಣ್ಲಾ ಇದು. ಕಪ್ಪು ಬಳಿದ್ರೆ ಗೋಡೆ ಕಟ್ಟಿದಂಗೆ. ಇದನ್ನ ಬಳಿದ್ರೆ ಹಿಂದ್ಗಡೆ ಜಾಗ ಇರ್ತದೆ" ಅನ್ನುತ್ತಿದ್ದ.

ಆ ಜಾಗದಲ್ಲಿ ಯಾರಾದರೂ ಓಡಾಡಬಹುದು ಎಂದು ಯತಿರಾಜ್‌ಗೆ ಹೊಳೆದಿರಲಿಲ್ಲ.

ಹತ್ತಿರದ ತೊರಪಲ್ಲಿಯಲ್ಲಿ ಗುಲಾಬಿ ಬೆಳೆಯುವ ಪಾಪಮ್ಮ ಗಂಡ ಮುತ್ತರಾಯಪ್ಪನ ಎದೆಮಟ್ಟದ ಚಿತ್ರ ಬರೆಸಿಕೊಂಡು ಹೋದಳು. ತಿಂಗಳು ಕಳೆಯುವಷ್ಟರಲ್ಲಿ ಅಂಗಡಿಗೆ ವಾಪಸು ಬಂದಳು.

"ಯಜಮಾನ್ರು ಹಿಂದಕ್ಕೆ ಹೋಯ್ತಾವ್ರೆ ಕಣಪ್ಪ."

ಬಣ್ಣ ಒಣಗುವಾಗ ಅಂಚು ಕಪ್ಪಾಗಿ ಹಾಗೆ ಕಾಣುತ್ತದೆ ಎಂದು ಅವನು ಸಮಾಧಾನ ಹೇಳಿದ. ಅವಳು ಒಪ್ಪಲಿಲ್ಲ. ಮನೆಗೇ ಕರೆದುಕೊಂಡು ಹೋದಳು.

ನಡುಮನೆಯಲ್ಲಿ ಹಗಲಿನ ಬೆಳಕು ಚೆನ್ನಾಗಿ ಬಿದ್ದಿತ್ತು. ಚಿತ್ರ ನೋಡಿದವನೇ ಯತಿರಾಜ್ ಅಲ್ಲೇ ನಿಂತುಬಿಟ್ಟ. ಮುಖ ಚಿಕ್ಕದಾಗಿತ್ತು. ಎದೆಯ ಕೆಳಗೆ ಸೊಂಟವಿತ್ತು, ಪಂಚೆಯಿತ್ತು, ಪಕ್ಕದಲ್ಲಿ ಇಳಿಬಿದ್ದ ಎರಡು ಕೈಗಳಿದ್ದವು. ಅವನು ಬರೆಯದ ಕೈಗಳು. ಆದರೆ ಕುಂಚದ ಗುರುತು ಅವನದೇ. ಬೆರಳಿನ ಗೆಣ್ಣಿಗೆ ಬಿಳಿ ಚುಕ್ಕೆ ಇಡುವ ಅವನ ಚಾಳಿಯೂ ಅಲ್ಲಿತ್ತು.

"ಬಲಗೈ ಬೆಳ್ಳು ಮೋಟರಿಗೆ ಸಿಕ್ಕಿ ಮೊಂಡಾಗಿತ್ತು. ನಾನು ಅದ್ನ ನಿಂಗೆ ಹೇಳ್ಲೇ ಇಲ್ವಲ್ಲ?" ಪಾಪಮ್ಮ ಮೆಲ್ಲಗೆ ಕೇಳಿದಳು.

ಚಿತ್ರದಲ್ಲಿ ತೋರುಬೆರಳು ಅರ್ಧವೇ ಇತ್ತು.

ಅವಳು ಅಳಲಾರಂಭಿಸಿದಳು. "ಹತ್ರಕ್ಕೆ ತಂದ್ಕೊಡಪ್ಪ. ಮನೆ ಬಿಕೋ ಅಂತದೆ."

ಚಿತ್ರವನ್ನು ಅಂಗಡಿಗೆ ಹೊತ್ತು ತಂದ ಯತಿರಾಜ್, ಆ ಮೋಡದ ಬಣ್ಣಕ್ಕೆ ಹಳದಿ ಮಣ್ಣು ಹೆಚ್ಚಿಸಿ ಹಿಂಬದಿಯನ್ನೆಲ್ಲ ಬೆಚ್ಚಗೆ ಮಾಡಿದ. ಬೆಚ್ಚನೆಯ ಬಣ್ಣ ಮುಂದಕ್ಕೆ ತರುತ್ತದೆ ಎಂಬುದು ಕೆಲಸ ಬಲ್ಲವರಿಗೆಲ್ಲ ಗೊತ್ತು. ಕೊಟ್ಟು ಬಂದ.

ಕೆಲವೇ ದಿನಗಳಲ್ಲಿ ಪಾಪಮ್ಮನ ಫೋನು. "ಬೇಗ ಬಾ" ಅಂದಳು, ಅಷ್ಟೇ.

ಚಿತ್ರವನ್ನು ಅವಳು ಗೋಡೆಯ ಕಡೆ ತಿರುಗಿಸಿಟ್ಟಿದ್ದಳು. ಅವನು ಈಚೆ ತಿರುಗಿಸಿದ. ಚೌಕಟ್ಟಿನ ತುಂಬ ಎರಡು ಕಣ್ಣು, ಒಂದು ಮೂಗು. ಹಣೆಗೂ ಗಲ್ಲಕ್ಕೂ ಜಾಗವೇ ಉಳಿದಿರಲಿಲ್ಲ. ಹಿಂದಿನಿಂದ ಯಾರೋ ಒತ್ತಿದಂತೆ ಚಿತ್ರದ ಬಟ್ಟೆ ನಡುವಿನಲ್ಲಿ ಉಬ್ಬಿತ್ತು.

"ಕುಡ್ಕೊಂಡು ಬಂದ್ರೆ ಹಿಂಗೇ ಮುಖಕ್ಕೆ ಮುಖ ತಂದು ನಿಲ್ಲೋರು. ಮಾತೇ ಆಡ್ತಿರ್ಲಿಲ್ಲ. ಅತ್ತು ಅತ್ತು ನಾನು ಅದ್ನೇ ಮರ್ತುಬುಟ್ಟಿದ್ದೆ." ಅವಳು ಚಿತ್ರದತ್ತ ನೋಡದೆ ಬಾಗಿಲ ಕಡೆ ಕೈ ತೋರಿದಳು. "ಕಳ್ಸಿಬುಡು. ನಾನೇ ಹೇಳ್ದೆ ಅಂತ ಕಳ್ಸಿಬುಡು."

ಯತಿರಾಜ್ ಅಲ್ಲೇ ಕೂತು, ಚೀಲದಲ್ಲಿ ತಂದಿದ್ದ ಬಣ್ಣಗಳನ್ನು ಒಂದು ತಟ್ಟೆಯಲ್ಲಿ ಕಲಸಿದ. ನೀಲಿ ಹೆಚ್ಚು, ಮಣ್ಣು ಇಲ್ಲವೇ ಇಲ್ಲ. ಆ ಕಣ್ಣುಗಳನ್ನು ನೋಡದೆ ಅಂಚಿನಿಂದ ತೆಳ್ಳಗೆ ಬಳಿಯುತ್ತಾ ಬಂದ. ಕುಂಚ ರೆಪ್ಪೆಯ ಹತ್ತಿರ ಹೋದಾಗ ಉಬ್ಬಿದ್ದ ಬಟ್ಟೆ ಮೆಲ್ಲನೆ ಒಳಕ್ಕೆ ಇಳಿಯಿತು.

ಇಬ್ಬರೂ ನೋಡುತ್ತಾ ಕೂತರು. ನೋಡುತ್ತಿರುವಾಗ ಏನೂ ಕದಲುತ್ತಿರಲಿಲ್ಲ. ಪಾಪಮ್ಮ ಕಾಫಿ ತರಲು ಒಳಗೆ ಹೋಗಿ, ಅವನು ಬೆವರು ಒರೆಸಿಕೊಂಡು ತಲೆ ಎತ್ತುವಷ್ಟರಲ್ಲಿ ಭುಜಗಳು ಕಂಡವು. ಆಮೇಲೆ ಮೊಣಕಾಲು. ಮಧ್ಯಾಹ್ನದ ಹೊತ್ತಿಗೆ ಮುತ್ತರಾಯಪ್ಪ ಬೆನ್ನು ತಿರುಗಿಸಿದ್ದ. ಸಂಜೆಯ ಬಿಸಿಲು ಹೊಸ್ತಿಲಿಗೆ ಬರುವಾಗ ಒಂದು ಕಲೆಯಷ್ಟೇ ಉಳಿದಿತ್ತು. ಕೊನೆಗೆ ಅದೂ ಹೋಗಿ ಬರೀ ಮೋಡದ ಬಣ್ಣ.

"ಎಲ್ಲಿಗಂಟ ಹೋಗಿರ್ಬೌದು?" ಪಾಪಮ್ಮ ಕೇಳಿದಳು.

"ಗೊತ್ತಿಲ್ಲಮ್ಮ."

"ಕೃಷ್ಣಗಿರಿ ದಾಟಿರ್ತಾರಾ?"

"ದಾಟಿರ್ತಾರೆ."

ಅವಳು ಉಸಿರು ಬಿಟ್ಟಳು. ಯತಿರಾಜ್ ಚೌಕಟ್ಟನ್ನು ತೆಗೆದುಕೊಂಡು ಹೋಗಲು ಕೈಹಾಕಿದರೆ ಬಿಡಲಿಲ್ಲ. ತಾನೇ ಎತ್ತಿ ಮೊಳೆಗೆ ನೇತುಹಾಕಿ, ಅದರ ಎದುರಿಗೆ ಚಾಪೆ ಎಳೆದುಕೊಂಡು ಕೂತಳು.

"ಇಲ್ಲೇ ಇರ್ಲಿ. ಹೋದೋರು ಯಾವಾಗ ಈ ಕಡೆ ತಿರುಗ್ತಾರೋ, ನೋಡ್ಕೋತಾ ಇರ್ಬೇಕಲ್ಲ."