ಬೂದಿ ಹಾಸಿದ ದಾರಿ

ಕೊಲುಬಾರಾ ನದಿಯ ದಂಡೆಯ ಆ ಹಳ್ಳಿಯಲ್ಲಿ ಸ್ಮಶಾನಕ್ಕೆ ಹೋಗುವ ದಾರಿ ಬರೀ ಜೇಡಿಮಣ್ಣು. ಮಳೆ ಬಿದ್ದರೆ ಸತ್ತವರನ್ನೂ ಬಿಡದು, ಹೊತ್ತವರನ್ನೂ ಬಿಡದು. ಅದಕ್ಕೇ ಊರಿನ ಇಂಜಿನಿಯರ್ ವುಕಾಶಿನ್ ಪಕ್ಕದಲ್ಲೇ ಹೊಸ ದಾರಿ ಮಾಡಿದ. ವಿದ್ಯುತ್ ಸ್ಥಾವರದವರು ಬೇಡವೆಂದು ಸುರಿಯುವ ಕಲ್ಲಿದ್ದಲಿನ ಬೂದಿ ತಂದು, ಸುಣ್ಣದ ಜೊತೆ ಮಣ್ಣಿಗೆ ಕಲೆಸಿ, ನೀರು ಚಿಮುಕಿಸಿ, ರೋಲರ್ ಓಡಿಸಿದ.

ಅವನ ಅಪ್ಪ ಸ್ರೆತೆನ್ ಕೋಲೂರಿಕೊಂಡು ನೋಡಲು ಬಂದ.

"ಒಲೆ ಬೂದಿ ಹೊರಗೆ ಚೆಲ್ಲೋದ್ರಲ್ಲೇ ನಿಮ್ಮಮ್ಮನ ಅರ್ಧ ಆಯಸ್ಸು ಕಳೀತು. ನೀನು ಲಾರಿಗಟ್ಟಲೆ ತಂದು ಹಾಸ್ತಿದೀಯ. ಓದಿಸಿದ್ದು ಸಾರ್ಥಕ ಆಯ್ತು ಬಿಡು."

"ಕಲ್ಲಿನಂಗೆ ಗಟ್ಟಿಯಾಗುತ್ತಪ್ಪ. ಒಂದು ವಾರ ಮಾತ್ರ ಯಾರೂ ಕಾಲಿಡಬಾರ್ದು."

"ನಾನು ಸತ್ತಾಗ ಇದರ ಮೇಲೇ ಹೊತ್ಕೊಂಡು ಹೋಗು. ಗಟ್ಟಿಯೋ ಪೊಳ್ಳೋ, ಮಲಗಿದಲ್ಲೇ ಹೇಳ್ತೀನಿ."

ಕೊಟ್ಟ ಮಾತನ್ನು ಮುಂದೂಡುವ ಆಸಾಮಿಯಲ್ಲ ಸ್ರೆತೆನ್. ಮಾರನೆಯ ದಿನವೇ ಸತ್ತ.

ಈಗ ಜನ ತುಳಿದರೆ ದಾರಿ ಕಿತ್ತುಹೋಗುತ್ತದೆ, ಇನ್ನೊಮ್ಮೆ ಮಾಡಲು ಊರು ಒಪ್ಪುವುದಿಲ್ಲ. ವುಕಾಶಿನ್ ಹೊಸ ದಾರಿಗೆ ಕಟ್ಟಿದ್ದ ಹಗ್ಗ ಬಿಚ್ಚಲಿಲ್ಲ. ಅಪ್ಪನನ್ನು ಹಳೆಯ ಕೆಸರಿನಲ್ಲೇ ಹೊತ್ತ. ಪೆಟ್ಟಿಗೆ ವಾಲಿದಾಗಲೆಲ್ಲ ಹೆಗಲು ಒತ್ತಿಕೊಟ್ಟು ನೆಟ್ಟಗೆ ಮಾಡಿದ. ಪಕ್ಕದಲ್ಲಿ ಅವನದೇ ದಾರಿ ನುಣ್ಣಗೆ ಮಲಗಿತ್ತು.

ಹೂಳಿದ್ದಾಯಿತು. ಪಾದ್ರಿ ಪ್ರಾರ್ಥನೆ ಮುಗಿಸಿದರು, ಎಲ್ಲರೂ ಒಂದೊಂದು ಗುಟುಕು ಹಣ್ಣಿನ ಸಾರಾಯಿ ರಾಕಿಯಾ ಕುಡಿದರು, ಹೊರಟರು. ಸ್ಮಶಾನದ ಬಾಗಿಲಲ್ಲಿ ಊರಿಗೆ ಊರೇ ನಿಂತುಬಿಟ್ಟಿತು.

ಹೂಳಲು ಹೋದ ದಾರಿಯಲ್ಲಿ ಮರಳಬಾರದು. ಮರಳಿದರೆ ಸತ್ತವನು ಬೆನ್ನು ಹತ್ತಿ ಮನೆಗೆ ಬರುತ್ತಾನೆ. ಇದು ಅಲ್ಲಿನ ಮಕ್ಕಳಿಗೂ ಗೊತ್ತು. ಬೂದಿ, ಸುಣ್ಣ, ನೀರು ಎಲ್ಲದರ ಲೆಕ್ಕ ಹಾಕಿದ್ದ ವುಕಾಶಿನ್ ಇದೊಂದನ್ನು ಮರೆತಿದ್ದ. ಮೂರನೆಯ ದಾರಿ ಇರಲಿಲ್ಲ. ಎರಡೂ ಕಡೆ ಗಣಿಯ ಹೊಂಡ.

"ಹಗ್ಗ ಬಿಚ್ಚಪ್ಪಾ," ಅಂದಳು ನೆರೆಮನೆಯ ಮಿಲುಂಕಾ. "ನಾವೂ ಇಲ್ಲೇ ಜಾಗ ಹಿಡಿಯೋಣ ಅಂತೀಯಾ?"

ಪಾದ್ರಿ ಮೋಡ ನೋಡುತ್ತಾ ನಿಂತರು. ವುಕಾಶಿನ್ ಗಂಟಿಗೆ ಕೈ ಹಾಕಿದ. ಅವನ ತಾಯಿ ಕೊಸಾರಾ ಆ ಕೈ ಹಿಡಿದಳು.

"ನಿಮ್ಮಪ್ಪನ್ನೇ ಇದರ ಮೇಲೆ ಬಿಡ್ಲಿಲ್ಲ. ಇವರನ್ನ ಬಿಡ್ತೀಯಾ?"

"ಬಂದ ದಾರೀಲೇ ಹೋದ್ರೆ ಅಪ್ಪ..."

"ಹಿಂದೇನೇ ಬರ್ತಾರೆ. ಗೊತ್ತು."

ಮಿಲುಂಕಾ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. ಕೊಸಾರಾ ಕಪ್ಪು ಲಂಗ ಎತ್ತಿ ಹಿಡಿದು ಹಳೆಯ ಕೆಸರಿಗೆ ಇಳಿದಳು.

"ಬರ್ಲಿ," ಅಂದಳು. "ಬೇಡ ಅಂದೋರ್ಯಾರು?"