ಅಚ್ಚೇರಿನ ಲೆಕ್ಕ

ಶಿಗ್ಗಾಂವದ ಕಾಲೇಜಿನ ಗಣಿತ ಉಪನ್ಯಾಸಕ ಬಸವೇಶ ವಾರಕ್ಕೊಮ್ಮೆ ತಿಳವಳ್ಳಿಯ ಶಾಲೆಗೆ ಪಾಠ ಹೇಳಲು ಬರುತ್ತಿದ್ದ. ಅಂದು ನಾಲ್ಕನ್ನು ಅರ್ಧದಿಂದ ಭಾಗಿಸಿ, ಉತ್ತರ ಎಂಟೆಂದು ಬರೆದ.

ಏಳನೆಯ ತರಗತಿಯ ಶ್ವೇತಾ ಎದ್ದು ನಿಂತಳು. "ಭಾಗಿಸಿದ್ರ ಹೆಚ್ಚು ಹ್ಯಾಂಗ ಆಕ್ಕೈತ್ರಿ ಸರ್?"

"ತಿರುವಿ ಹಾಕಿ ಗುಣಿಸಬೇಕು, ಅಷ್ಟ."

ಹುಡುಗಿ ಕೂರಲಿಲ್ಲ.

ಬಾಗಿಲಾಚೆ ಬಿಸಿಯೂಟದ ವೀರವ್ವ ಅರ್ಧ ಸೇರು ಹಿಡಿಯುವ ಅಚ್ಚೇರಿನಿಂದ ಅಕ್ಕಿ ಅಳೆಯುತ್ತಿದ್ದಳು. ತಲೆ ಎತ್ತದೆಯೇ ಹೇಳಿದಳು: "ನಾಕು ಸೇರು ಅಕ್ಕೀನ ಇದರಾಗ ಎಂಟು ಸಲ ಅಳೀಬೇಕವ್ವ. ಮಾಪು ಸಣ್ಣದಾದ್ರ ಎಣಿಕಿ ಹೆಚ್ಚಾಕ್ಕೈತಿ."

ಶ್ವೇತಾ ನಕ್ಕು ಕುಳಿತಳು.

ಬಸವೇಶ ಸೀಮೆಸುಣ್ಣ ಹಿಡಿದು ನಿಂತೇ ಇದ್ದ. ಹದಿನಾಲ್ಕು ವರ್ಷದಿಂದ ಕಾಲೇಜಿನಲ್ಲಿ ಅವನು ‘ಅಷ್ಟ’ ಎಂದಾಗಲೆಲ್ಲ ಹುಡುಗರು ಸುಮ್ಮನೆ ಕೂರುತ್ತಿದ್ದರು. ತಿಳಿದದ್ದಕ್ಕೇ ಕೂರುತ್ತಾರೆ ಎಂದುಕೊಂಡಿದ್ದ.