ಓಡುತ್ತಿದ್ದ ಚುಕ್ಕಿ

ಚುಕ್ಕಿ ಓಡುತ್ತಿತ್ತು. ಆಮೆಯ ಹಾಗೆ ತೆವಳಿ, ತುಂಬಾ ಹೊತ್ತು ಒಂದೇ ಕಡೆ ನಿಂತಿದ್ದದ್ದು ಒಮ್ಮೆಲೇ ಚುರುಕಾಗಿ ಓಡತೊಡಗಿತ್ತು. ಹೊಲಿಗೆ ಮೆಷಿನ್ನಿನ ಪಕ್ಕ ನೂಲಿನ ಉಂಡೆಗೆ ಒರಗಿಸಿಟ್ಟ ಮೊಬೈಲಿನ ನಕ್ಷೆಯಲ್ಲಿ ಆ ಕಿತ್ತಳೆ ಚುಕ್ಕಿ ಬೆಟ್ಟದ ಗೆರೆಗಳನ್ನು ಒಂದೊಂದಾಗಿ ದಾಟಿ ಇಳಿಯುವುದನ್ನು ಕಂಡು ಅಕ್ಕನಿಗೆ ಕೂತಲ್ಲಿ ಕೂರಲಾಗಲಿಲ್ಲ. ಕೈಯಲ್ಲಿದ್ದ ಕತ್ತರಿ ಬಿಸಾಕಿ ಚಪ್ಪಾಳೆ ತಟ್ಟಿದಳು.

ಚಪ್ಪಾಳೆ ಅವಳಿಗೆ ಹಳೆಯ ಅಭ್ಯಾಸ. ಚಿಕ್ಕಂದಿನಲ್ಲಿ ತಂಗಿಯನ್ನು ಸ್ಕೂಲಿಗೆ ಎಬ್ಬಿಸುವ ಕೆಲಸ ಇವಳ ಪಾಲಿಗೆ ಬಂದಿತ್ತು. ಅಲುಗಾಡಿಸಿದರೂ ಹೊದಿಕೆ ಎಳೆದರೂ ಏಳದ ಮಹಾರಾಯ್ತಿ, ಕಿವಿಯ ಹತ್ತಿರ ಫಟ್ ಫಟ್ ಎಂದು ತಟ್ಟಿದರೆ ಮಾತ್ರ ಕಣ್ಣು ಬಿಡುತ್ತಿದ್ದಳು, ಅದೂ ಬೈದುಕೊಂಡೇ.

"ಅಮ್ಮಾ, ನೋಡಿಲ್ಲಿ ನಿನ್ನ ಮಗಳನ್ನ! ಕಾಲಿಗೆ ಚಕ್ರ ಕಟ್ಕೊಂಡಿದ್ದಾಳೆ!"

ಅಂಗಡಿಯ ಹಿಂದುಗಡೆ ಸ್ಟೂಲಿನ ಮೇಲೆ ಕೂತು ಹಳೇ ಸ್ಕೂಲ್ ಬ್ಯಾಗೊಂದರ ಹೊಲಿಗೆ ಬಿಚ್ಚುತ್ತಿದ್ದ ಅಮ್ಮ ತಲೆಯೆತ್ತಲಿಲ್ಲ. "ಹೊಟ್ಟೇಲಿದ್ದಾಗ್ಲೇ ಒದೀತಿದ್ದವಳು ಅವಳು. ಏನಾದ್ರೂ ತಿಂದಳಾ ಕೇಳು."

"ಚುಕ್ಕೀನ ಹೇಗಮ್ಮ ಕೇಳೋದು?"

"ಮತ್ತೆ ಅದಕ್ಕೆ ಯಾಕೆ ಚಪ್ಪಾಳೆ?" ಅಂದಳು ಅಮ್ಮ.

ಕೌಂಟರಿನ ಆಚೆ ನಿಂತಿದ್ದ ಕನ್ನಡಕದ ಗಿರಾಕಿ ನಕ್ಕರು. ಅವರ ಸೂಟ್‌ಕೇಸಿನ ಜಿಪ್ಪು ಬಾಯಿ ಬಿಟ್ಟಿತ್ತು. ಇವತ್ತೇ ಪ್ರಯಾಣ, ಈಗಲೇ ಆಗಬೇಕು ಎಂದು ಬೆಳಿಗ್ಗೆಯೇ ಬಂದು ನಿಂತಿದ್ದರು. ರಿಪೇರಿಗೆ ಬರುವವರೆಲ್ಲ ಹಾಗೆಯೇ; ಜಿಪ್ಪು ಹಾಳಾಗಿರುವುದು ಹೊರಡುವ ದಿನವೇ ಗೊತ್ತಾಗುತ್ತದೆ.

ತಂಗಿ ಹೋಗಿದ್ದು ಕಾಡುಬೆಟ್ಟದ ಪಂದ್ಯಕ್ಕೆ. ನಾಲ್ಕು ಜನರ ತಂಡ. ದಾರಿಯೇ ಇಲ್ಲದ ಕಡೆ ನಕ್ಷೆ ನೋಡಿಕೊಂಡು ಓಡಬೇಕು, ಹೊಳೆಯಲ್ಲಿ ಹುಟ್ಟು ಹಾಕಬೇಕು, ಸೈಕಲ್ ತುಳಿಯಲಾಗದ ಕಡೆ ಅದನ್ನೇ ಹೆಗಲ ಮೇಲೆ ಹೊರಬೇಕು. ಹಗಲು ರಾತ್ರಿ ಎಂಬುದಿಲ್ಲ. ಮಲಗಿದಷ್ಟೂ ಹಿಂದೆ ಬೀಳುವುದರಿಂದ ಯಾರೂ ಸರಿಯಾಗಿ ಮಲಗುವುದಿಲ್ಲ. ನಿದ್ದೆಗೆಟ್ಟ ತಲೆಗೆ ಏನೇನೋ ಕಾಣಿಸತೊಡಗುತ್ತದೆ. ಹೋದ ಸಲ ತಂಗಿಗೆ ನಟ್ಟಡವಿಯಲ್ಲಿ ಬಸ್ ಸ್ಟಾಪ್ ಕಾಣಿಸಿ, ಬಸ್ಸಿಗಾಗಿ ಕಾದು ನಿಂತಿದ್ದಳಂತೆ; ಬಂದು ಹೇಳಿ ಹೊಟ್ಟೆ ಹುಣ್ಣಾಗುವಂತೆ ನಗಿಸಿದ್ದಳು. ಮೃಷ್ಟಾನ್ನ ಬಿಟ್ಟು ಮುಳ್ಳು ಮೇಯುವ ಈ ಹುಚ್ಚು ಅಕ್ಕನಿಗೆ ಅರ್ಥವಾಗಿರಲಿಲ್ಲ. ಆದರೆ ತಂಗಿಯ ಚೀಲ ಹೊಲಿಯುವವಳು ಅವಳೇ, ಅದರಲ್ಲಿ ಮಾತ್ರ ಬೇರೆಯವರ ಕೈ ಆಡಲು ಬಿಡುತ್ತಿರಲಿಲ್ಲ.

ಈ ಸಲದ ಚೀಲದಲ್ಲಿ ಒಂದು ವಿಶೇಷವಿತ್ತು. ಪಂದ್ಯದವರು ಮೊದಲೇ ಒಬ್ಬೊಬ್ಬರಿಗೂ ಬೆಂಕಿಪೊಟ್ಟಣದಷ್ಟು ಪೆಟ್ಟಿಗೆ ಕೊಡುತ್ತಾರೆ. ಅದು ಎಲ್ಲಿದೆಯೋ ಅಲ್ಲಿ ನಕ್ಷೆಯ ಮೇಲೆ ಚುಕ್ಕಿ ಮೂಡುತ್ತದೆ. ಮನೆಯವರು ಅದನ್ನು ನೋಡುತ್ತಾ ಕೂರಬಹುದು. ಹೋದ ಸಲ ತಂಗಿಯ ಪೆಟ್ಟಿಗೆ ಹೊಳೆ ಪಾಲಾಗಿ ಇಡೀ ತಂಡಕ್ಕೆ ಶಿಕ್ಷೆಯಾಗಿತ್ತು. "ಬೀಳದ ಹಾಗೆ ಒಂದು ಜೇಬು ಹಾಕ್ಕೊಡೇ ಅಕ್ಕಾ. ಬೇಕಾದಾಗ ತೆಗಿಯೋ ಹಾಗೆ ಜಿಪ್ ಇರ್ಲಿ" ಎಂದಿದ್ದಳು ತಂಗಿ. ಯಾಕೆ ಎಂದೂ ಹೇಳಿದ್ದಳು. ಆದರೆ ಜಿಪ್ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಉಳಿದದ್ದನ್ನು ಅಕ್ಕ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಳು. ದಿನವಿಡೀ ಕೈಕೊಟ್ಟ ಜಿಪ್ಪುಗಳ ನಡುವೆ ಬದುಕುವವಳಿಗೆ ಲೋಕದಲ್ಲಿ ಯಾರ ಮೇಲೆ ನಂಬಿಕೆಯಿದ್ದರೂ ಜಿಪ್ಪಿನ ಮೇಲೆ ಇರುವುದಿಲ್ಲ. ಕಿತ್ತಳೆ ಬಟ್ಟೆಯ ಜೇಬಿನಲ್ಲಿ ಪೆಟ್ಟಿಗೆ ಇಟ್ಟು, ನಾಲ್ಕೂ ಕಡೆ ಎರಡೆರಡು ಸಾಲು ಹೊಲಿಗೆ ಹಾಕಿ ಬಾಯಿ ಮುಚ್ಚಿಬಿಟ್ಟಳು. ಸೀಟಿಯನ್ನೂ ಚೀಲದ ಪಟ್ಟಿಗೆ ಸೇರಿಸಿ ಹೊಲಿದಳು. ಬೆಚ್ಚನೆಯ ಜಾಕೆಟ್ಟಿಗೆ ಚೀಲದ ಒಳಗೇ ಒಂದು ಗೂಡು ಮಾಡಿದಳು. ಹೊರಡುವ ಗಡಿಬಿಡಿಯಲ್ಲಿ ಬಂದ ತಂಗಿ ನೋಡಿ, "ಅಯ್ಯೋ, ಹೊಲ್ದೇ ಬಿಟ್ಯಾ!" ಎಂದು ಹಣೆ ಚಚ್ಚಿಕೊಂಡು ನಕ್ಕಳು. ಬಿಚ್ಚಲು ಹೊತ್ತಿರಲಿಲ್ಲ.

"ಸಾಯೋ ತನಕ ಬೀಳಲ್ಲ ಹೋಗೇ" ಎಂದಿದ್ದಳು ಅಕ್ಕ, ಜಂಬದಿಂದ.

ಸೂಟ್‌ಕೇಸಿನ ಜಿಪ್ಪಿಗೆ ಹೊಸ ರನ್ನರ್ ಏರಿಸುತ್ತಿದ್ದಾಗ ಮೊಬೈಲು ಟಿಣ್ ಎಂದಿತು. ಪಂದ್ಯದವರು ಹೊಸ ಫೋಟೋ ಹಾಕಿದ್ದರು: ಹೊಳೆದಂಡೆ, ಹಿಂದೆ ಮಂಜು ಮುಚ್ಚಿದ ಕರೀ ಬಂಡೆಗಳು, ಮುಂದೆ ತಂಗಿಯ ತಂಡ. ಅಕ್ಕ ಅದನ್ನು ದೊಡ್ಡದು ಮಾಡಿ ಗಿರಾಕಿಯ ಮೂಗಿನ ಕೆಳಗೇ ಹಿಡಿದಳು.

"ನೋಡಿ ಸಾರ್, ನನ್ನ ಹೊಲಿಗೆ! ಅಷ್ಟು ಕಲ್ಲುಮುಳ್ಳು ದಾಟಿ ಬಂದಿದೆ, ಒಂದು ನೂಲು ಎದ್ದಿಲ್ಲ. ಕಿತ್ತಳೆ ಜೇಬು ಕಾಣಿಸ್ತಾ?"

ಗಿರಾಕಿ ಕನ್ನಡಕ ಹಣೆಗೇರಿಸಿ ನೋಡಿದರು. "ಚೆನ್ನಾಗಿದೆ. ಇದರಲ್ಲಿ ನಿಮ್ಮ ತಂಗಿ ಯಾರು?"

"ಇವಳೇ..." ಎಂದು ಬೆರಳಿಟ್ಟಳು. ಬೆರಳಿಟ್ಟಲ್ಲಿ ತಂಗಿ ಇರಲಿಲ್ಲ. ಅಲ್ಲಿದ್ದದ್ದು ಗಡ್ಡದ ಕ್ಯಾಪ್ಟನ್. ತನ್ನ ಚೀಲ ಬೆನ್ನಿಗೆ ಹಾಕಿ, ತಂಗಿಯ ಚೀಲವನ್ನು ಎದೆಗೆ ಕಟ್ಟಿಕೊಂಡಿದ್ದ. ಅವನ ಪಕ್ಕ ಅವನ ಹೆಂಡತಿ. ಆಚೆಗೆ ತಂಡದ ಮೂರನೆಯವರು, ಸ್ಕೂಲ್ ಮೇಷ್ಟ್ರು, ಯಾರ ಜೊತೆಗೋ ಮಾತಾಡುತ್ತಿರುವವರಂತೆ ಹಿಂದಕ್ಕೆ ತಿರುಗಿದ್ದರು. ಅವರ ಹಿಂದೆ ಬರಿಯ ಮಂಜು.

ಫೋಟೋ ತೆಗೆದವರ ಕಡೆ ಇರಬಹುದು, ಹೊಳೆಗೆ ಮುಖ ತೊಳೆಯಲು ಹೋಗಿರಬಹುದು ಎಂದುಕೊಂಡಳು ಅಕ್ಕ. ಅಷ್ಟರಲ್ಲಿ, ಕೇಳದೆ ಬಿಟ್ಟಿದ್ದ ಮಾತು ತಂಗಿಯ ದನಿಯಲ್ಲೇ ನೆನಪಾಯಿತು. "ಸುಸ್ತಾದವರ ಚೀಲ ಇನ್ನೊಬ್ರು ಹೊರ್ತಾರೆ ಕಣೇ. ಆಗ ಪೆಟ್ಟಿಗೆ ಮಾತ್ರ ತೆಗೆದು ನಮ್ಮ ಮೈಮೇಲೇ ಇಟ್ಕೋಬೇಕು. ಚೀಲ ಕೊಟ್ರೂ ಚುಕ್ಕಿ ಕೊಡಬಾರ್ದು, ಅದು ನಮ್ಮ ತಂಡದ ನೇಮ."

ಬೆಳಗಿನಿಂದ ಓಡುತ್ತಿದ್ದದ್ದು ತಂಗಿಯಲ್ಲ, ಚೀಲ.

ಪಂದ್ಯದ ಕಂಟ್ರೋಲ್ ರೂಮಿನ ನಂಬರು ಒತ್ತಿದಳು. ಫೋನೆತ್ತಿದ ಹೆಂಗಸು ಸಮಾಧಾನದಿಂದಲೇ ಮಾತಾಡಿದಳು. "ಗಾಬರಿಯಾಗಬೇಡಿ ಮೇಡಂ, ನಾಲ್ಕೂ ಚುಕ್ಕಿ ಒಟ್ಟಿಗೇ ಇವೆ. ತಂಡ ಹೊಳೆ ಹತ್ತಿರ ಇದೆ."

"ಚುಕ್ಕಿ ಇದೆ, ನನ್ನ ತಂಗಿ ಇಲ್ಲ. ಫೋಟೋ ನೋಡಿ. ತಲೆ ಎಣಿಸಿ!"

ಆ ಕಡೆ ಕುರ್ಚಿ ಹಿಂದಕ್ಕೆ ಸರಿದದ್ದು, ಯಾರನ್ನೋ ಕೂಗಿದ್ದು ಕೇಳಿಸಿತು. ಹೊಳೆದಂಡೆಯ ಕಾವಲಿನವರನ್ನು ವೈರ್‌ಲೆಸ್ಸಿನಲ್ಲಿ ಕರೆದರು. ಫೋನಿಡುವುದನ್ನು ಆ ಹೆಂಗಸು ಮರೆತದ್ದರಿಂದ ಅಲ್ಲಿನ ಮಾತೆಲ್ಲ ಗೊರಗೊರ ಸದ್ದಿನ ನಡುವೆ ಅಕ್ಕನ ಕಿವಿಗೂ ಬಿತ್ತು.

"ನಿಮ್ಮ ನಾಲ್ಕನೆಯವರು ಎಲ್ಲಿ?" ಎಂದು ಯಾರೋ ಕೇಳಿದರು.

"ಹಿಂದೆ ಮೇಷ್ಟ್ರ ಜೊತೆ ಬರ್ತಿದ್ದಾಳೆ." ಇದು ಕ್ಯಾಪ್ಟನ್ ದನಿ.

"ಇಲ್ಲೇ ಇದ್ದಾಳಲ್ಲ," ಅಂದರು ಮೇಷ್ಟ್ರು, ನಿದ್ದೆ ತುಂಬಿದ ದನಿಯಲ್ಲಿ. "ದಾರಿಯುದ್ದಕ್ಕೂ ಮಾತಾಡ್ಕೊಂಡೇ ಬಂದ್ವಿ. ಈಗ ತಾನೇ ಬಿಸ್ಕತ್ತು ಕೇಳಿದ್ಲು, ಕೊಟ್ಟೆ."

"ಮೇಷ್ಟ್ರೇ, ಬಿಸ್ಕತ್ತು ನಿಮ್ಮ ಕೈಯಲ್ಲೇ ಇದೆ. ನಿಮ್ಮ ಹಿಂದೆ ಯಾರೂ ಇಲ್ಲ," ಅಂದ ಕ್ಯಾಪ್ಟನ್.

ಆಮೇಲೆ ಕೇಳಿಸಿದ್ದು ಒಬ್ಬ ದೊಡ್ಡ ಗಂಡಸು ಮಗುವಿನ ಹಾಗೆ ಬಿಕ್ಕಿದ ಸದ್ದು. ಬಸ್ ಸ್ಟಾಪಿನ ಕಥೆಗೆ ಅಕ್ಕ ಅಷ್ಟು ನಕ್ಕಿದ್ದಳಲ್ಲ. ಈಗ ಮೇಷ್ಟ್ರಿಗೆ ಕಂಡದ್ದು ಬಸ್ ಸ್ಟಾಪಲ್ಲ, ತಂಗಿ. ಜೊತೆಗಾರ್ತಿ ಹಿಂದೆಯೇ ಬರುತ್ತಿದ್ದಾಳೆಂದು ಖಾಲಿ ಮಂಜಿನ ಜೊತೆ ಹರಟುತ್ತಾ ಆ ಮನುಷ್ಯ ಬೆಟ್ಟ ಇಳಿದು ಬಂದಿದ್ದರು.

"ಮೇಡಂ, ಇದ್ದೀರಾ?" ಕಂಟ್ರೋಲ್ ರೂಮಿನವಳ ದನಿಯಲ್ಲಿ ಈಗ ಸಮಾಧಾನವಿರಲಿಲ್ಲ. "ಚೀಲ ಎಲ್ಲಿ ಕೈ ಬದಲಾಯ್ತು ಅಂತ ಕ್ಯಾಪ್ಟನ್‌ಗೆ ನೆನಪಾಗ್ತಿಲ್ಲ. ಮಂಜಿತ್ತು ಅಂತಾರೆ ಅಷ್ಟೆ. ನಾವು ಹಳೇ ಜಾಡು ನೋಡ್ತಿದ್ದೀವಿ."

"ನನಗೆ ಗೊತ್ತು," ಅಂದಳು ಅಕ್ಕ. "ಎರಡು ಬೆಟ್ಟದ ನಡುವೆ ಒಂದು ಸಂದು ಇದೆಯಲ್ಲ, ಅಲ್ಲಿ ತುಂಬಾ ಹೊತ್ತು ನಿಂತಿತ್ತು. ತಿಂಡಿ ತಿಂತಿದ್ದಾಳೆ ಅಂದ್ಕೊಂಡೆ. ಅಲ್ಲಿಂದ ಓಡೋಕೆ ಶುರುವಾಯ್ತು. ನಾನು ಚಪ್ಪಾಳೆ ತಟ್ಟಿದೆ."

"ಹೌದು, ಅಲ್ಲೇ ವೇಗ ಹೆಚ್ಚಿದೆ, ನಮಗೂ ಕಾಣಿಸ್ತು. ಜನ ಹೊರಟ್ರು." ಆಮೇಲೆ ಕೇಳಿದಳು, "ಅವರ ಮೈಮೇಲೆ ಬೆಚ್ಚಗಿನ ಬಟ್ಟೆ ಇರುತ್ತಲ್ವಾ? ಸೀಟಿ?"

ಎಲ್ಲವನ್ನೂ ಅಕ್ಕನೇ ಚೀಲಕ್ಕೆ ಸೇರಿಸಿ ಭದ್ರ ಮಾಡಿದ್ದಳು. ಭದ್ರ ಮಾಡುವ ಭರದಲ್ಲಿ ಭದ್ರವಾಗಿ ಉಳಿದದ್ದು ಚೀಲ ಒಂದೇ.

ಅಮ್ಮ ಯಾವಾಗ ಎದ್ದು ಬಂದಳೋ. ಬಿಚ್ಚಿದ ನೂಲಿನ ತುಂಡುಗಳು ಸೀರೆಯ ಮೇಲೆಲ್ಲ ಅಂಟಿಕೊಂಡಿದ್ದವು. ಕೇಳಬೇಕಾದ್ದು ಕೇಳಿಯಾಗಿತ್ತು ಅವಳಿಗೆ. ಮಗಳ ಮುಖವನ್ನೇ ದಿಟ್ಟಿಸಿ, "ಜಿಪ್ ಹಾಕು ಅಂದಿದ್ಲಲ್ಲೇ," ಎಂದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅಮ್ಮ ಬೈಯಲಿಲ್ಲ. ಅಷ್ಟು ಹೇಳಿ ನೆಲದ ಮೇಲೆ ಕುಸಿದು ಕೂತಳು.

ಗಿರಾಕಿ ಸೂಟ್‌ಕೇಸನ್ನು ಗೋಡೆಗೆ ಸರಿಸಿ, ಅಂಗಡಿಯ ಷಟರನ್ನು ಅರ್ಧಕ್ಕೆ ಎಳೆದರು. ಅಮ್ಮನಿಗೆ ಒಂದು ಲೋಟ ನೀರು ಕೊಟ್ಟರು. ನಿಮ್ಮ ಪ್ರಯಾಣ ಎಂದು ಅಕ್ಕ ಬಾಯಿ ತೆರೆದಾಗ, "ನಾಳೆ ಹೋದ್ರಾಯ್ತು ಬಿಡಿ" ಎಂದು ಬಾಗಿಲ ಬಳಿಯೇ ಕೂತರು.

ಕಾಯುವುದು ಶುರುವಾಯಿತು. ಕ್ಯಾಪ್ಟನ್ನೂ ಅವನ ಹೆಂಡತಿಯೂ ಬಂದ ದಾರಿಯಲ್ಲೇ ವಾಪಸ್ ಹತ್ತುತ್ತಿದ್ದಾರಂತೆ. ಮಂಜಿನಲ್ಲಿ ಹೆಲಿಕಾಪ್ಟರ್ ಹಾರುವಂತಿಲ್ಲವಂತೆ. ಮೇಲೆ ಹಿಮ ಬೆರೆತ ಮಳೆಯಂತೆ. ಒಂದೊಂದು 'ಅಂತೆ'ಯೂ ಅಕ್ಕನ ಎದೆಯ ಮೇಲೆ ಕಲ್ಲು ಹೇರುತ್ತಿತ್ತು. ಚುಕ್ಕಿ ಈಗ ಹೊಳೆದಂಡೆಯಲ್ಲಿ ಅಲುಗಾಡದೆ ನಿಂತಿತ್ತು. ಚೀಲವನ್ನು ಯಾರೋ ಕೆಳಗಿಟ್ಟಿರಬೇಕು. ಕಣ್ಣು ಮಾತ್ರ ಮತ್ತೆ ಮತ್ತೆ ಅದರ ಮೇಲೇ ಹೋಗುತ್ತಿತ್ತು. ಅಲ್ಲಿ ತಂಗಿ ಇಲ್ಲ ಎಂದು ಗೊತ್ತಿದ್ದೂ ಅದನ್ನು ಬಿಟ್ಟು ಬೇರೆಲ್ಲಿ ನೋಡಬೇಕೆಂದು ಅವಳಿಗೆ ತಿಳಿಯಲಿಲ್ಲ. ಸಿಟ್ಟು ನೆತ್ತಿಗೇರಿ ಮೊಬೈಲನ್ನು ಮಗುಚಿ ಹಾಕಿದಳು. ತನ್ನ ಕೈಗಳನ್ನೇ ಕತ್ತರಿಸಿ ಹಾಕಬೇಕು ಅನ್ನಿಸಿತು. ಬೀದಿಯಲ್ಲಿ ಸಂಜೆಯ ಓಡಾಟ ಶುರುವಾದರೂ ಮೂವರಲ್ಲಿ ಯಾರೂ ದೀಪ ಹಾಕಲಿಲ್ಲ.

ಫೋನು ಮೊಳಗಿದಾಗ ಅಕ್ಕನಿಗೆ ಎತ್ತುವ ಧೈರ್ಯ ಬರಲಿಲ್ಲ. ಅಮ್ಮನೇ ಎತ್ತಿ ಅವಳ ಕಿವಿಗೆ ಒತ್ತಿದಳು.

"ಸಿಕ್ಕಿದ್ದಾರೆ, ಜೀವ ಇದೆ," ಅಂದಿತು ಒಂದು ಹೊಸ ಗಂಡು ದನಿ, ಏದುಸಿರಿನ ನಡುವೆ. ಹುಡುಕಲು ಹೋದ ತಂಡದ ಡಾಕ್ಟರು ಅವರು, ಸ್ಯಾಟಲೈಟ್ ಫೋನಿನಲ್ಲಿ ಮಾತಾಡುತ್ತಿದ್ದರು. ಆ ಸಂದಿನಿಂದ ಸ್ವಲ್ಪ ಕೆಳಗೆ ತಂಗಿ ಕಾಲು ಉಳುಕಿ ಜಾರಿ, ಎರಡು ಬಂಡೆಗಳ ನಡುವೆ ಮುದುಡಿ ಕೂತಿದ್ದಳಂತೆ. "ಮೈ ತುಂಬಾ ತಣ್ಣಗಾಗಿದೆ. ಕಣ್ಣು ಮುಚ್ಚಿ ಮುಚ್ಚಿ ಹೋಗ್ತಿದೆ. ನಾವು ಹೊತ್ಕೊಂಡು ಕೆಳಗಿಳಿಯೋ ತನಕ ಎಚ್ಚರ ಇರಬೇಕು. ನೀವು ಮಾತಾಡಿಸಿ, ನಿಮ್ಮನ್ನೇ ಕರೀತಿದ್ದಾರೆ."

"ಅಕ್ಕಾ," ಅಂದಳು ತಂಗಿ. ಬಾವಿಯ ತಳದಿಂದ ಬಂದಂಥ ದನಿ. "ಎಲ್ಲಿಗೆ ಎದ್ದು ಹೋದೆ? ಬೆಳಿಗ್ಗೆಯಿಂದ ಪಕ್ಕದಲ್ಲೇ ಕೂತಿದ್ದೆಯಲ್ಲ."

ಅಕ್ಕ ಫೋನನ್ನು ಕಿವಿಗೆ ಇನ್ನೂ ಒತ್ತಿ ಹಿಡಿದಳು.

"ಕಣ್ಣು ಎಳೆದಾಗೆಲ್ಲ ನೀನು ಚಪ್ಪಾಳೆ ತಟ್ಟಿ ಎಬ್ಬಿಸ್ತಿದ್ದೆ. ಬೈದೆ ನಿನ್ನ. ಆದ್ರೂ ತಟ್ತಾನೇ ಇದ್ದೆ. ಈಗ್ಯಾಕೆ ನಿಲ್ಲಿಸ್ಬಿಟ್ಟೆ?"

ಅಕ್ಕ ಹೌದೆಂದು ಬಿಡಬಹುದಿತ್ತು. ಆ ಸುಳ್ಳು ಯಾರಿಗೂ ಕೆಡುಕು ಮಾಡುತ್ತಿರಲಿಲ್ಲ. ಆದರೆ ಬಾಯಿಂದ ಬಂದದ್ದು ಬೇರೆಯೇ. "ನಾನು ಅಲ್ಲಿರ್ಲಿಲ್ಲ ಕಣೇ. ಇಲ್ಲೇ ಅಂಗಡೀಲಿ ಕೂತಿದ್ದೆ. ಆ ಹಾಳು ಚೀಲ ಓಡೋದು ನೋಡಿ, ನೀನೇ ಅಂದ್ಕೊಂಡು, ಚೀಲಕ್ಕೆ ಚಪ್ಪಾಳೆ ತಟ್ತಿದ್ದೆ."

ಆ ಕಡೆ ಗಾಳಿಯ ಸದ್ದು, ಹೊತ್ತವರ ಕಾಲ ಕೆಳಗೆ ಕಲ್ಲು ಉರುಳುವ ಸದ್ದು. ತಂಗಿಗೆ ಅರ್ಥವಾಯಿತೋ ಇಲ್ಲವೋ.

"ನಿದ್ದೆ ಬರ್ತಿದೆ ಅಕ್ಕಾ," ಅಂದಳು. "ಎಲ್ಲಿಂದಾದ್ರೂ ಸರಿ. ತಟ್ಟು."

ಅಕ್ಕ ಫೋನನ್ನು ಸ್ಪೀಕರಿಗೆ ಹಾಕಿ ಮೆಷಿನ್ನಿನ ಮೇಲಿಟ್ಟಳು. ಮುಂದಕ್ಕೆ ಬಗ್ಗಿ, ಎರಡೂ ಕೈ ಫೋನಿನ ಹತ್ತಿರ ತಂದು, ಫಟ್ ಫಟ್ ಎಂದು ತಟ್ಟತೊಡಗಿದಳು. ಅರ್ಧ ಎಳೆದ ಷಟರಿನ ಕೆಳಗೆ ಬೀದಿಯ ಕಾಲುಗಳು ನಿಂತು ನಿಂತು ಹೋದವು. ಅಂಗೈ ಉರಿದು ಕೆಂಪಾದರೂ ನಿಲ್ಲಿಸಲಿಲ್ಲ. ಪ್ರತಿ ಸಲ ತಟ್ಟಿ ಉಸಿರು ಬಿಗಿಹಿಡಿದು, ತಂಗಿ ಬೈಯುವುದು ಕೇಳಿಸಿದ ಮೇಲೆ ಮತ್ತೆ ತಟ್ಟಿದಳು.